ಜೈಲಿನ ಬಾಗಿಲಲ್ಲಿ ಒಬ್ಬ ಚಾಡಿಕೋರ

ನಾನು ಒಂದು ಲೋಹಶೋಧಕ. ಹೆಸರು ದೊಡ್ಡದಾಯಿತು ಎನ್ನಿಸಿದರೆ ಹೀಗೆ ಹೇಳುತ್ತೇನೆ: ದೊಡ್ಡ ಕಟ್ಟಡಗಳ ಬಾಗಿಲಲ್ಲಿ ಒಬ್ಬರು ನಿಂತು, ನಿಮ್ಮ ತೋಳು ಎತ್ತಿಸಿ, ಕಪ್ಪು ಬಡಿಗೆಯಂಥದ್ದೊಂದನ್ನು ಮೈಯುದ್ದಕ್ಕೂ ಆಡಿಸುತ್ತಾರಲ್ಲ, ಅದೇ ನಾನು. ನನ್ನ ಜೊತೆ ಹುಟ್ಟಿದವರಲ್ಲಿ ಕೆಲವರು ಸಿನಿಮಾ ಮಂದಿರಕ್ಕೆ ಹೋದರು, ಕೆಲವರು ದೇವಸ್ಥಾನಕ್ಕೆ ಹೋದರು. ನಾನು ಜೈಲಿಗೆ ಹೋದೆ.

ಹುಟ್ಟಿದ್ದು ಒಂದು ತಗಡಿನ ಶೆಡ್ಡಿನಲ್ಲಿ. ತಾಮ್ರದ ತಂತಿಯನ್ನು ಬಳೆಯಂತೆ ಸುತ್ತಿ ನನ್ನೊಳಗೆ ಇಟ್ಟರು. ಮೇಲೆ ಪ್ಲಾಸ್ಟಿಕ್ಕಿನ ಅಂಗಿ ತೊಡಿಸಿದರು. ಕೊನೆಯ ಮೇಜಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಅವಳು ಸೆರಗಿನ ಪಿನ್ನು ಬಿಚ್ಚಿ ನನ್ನ ಮೂತಿಯ ಮುಂದೆ ಹಿಡಿದಳು. ನಾನು ಹುಟ್ಟಿದ ಮೇಲೆ ಮೊದಲ ಸಲ ಕೂಗಿದೆ. ನನ್ನ ಕೂಗಿಗೆ ನಾನೇ ಬೆಚ್ಚಿದೆ. ಅವಳು ನಕ್ಕು, "ಚುರುಕಾಗಿದೆ" ಎಂದು ಡಬ್ಬಿಗೆ ಹಾಕಿದಳು.

ನೋಡುವುದು, ಕೇಳುವುದು ನನಗೆ ಎಲ್ಲರಂತೆ ಬರುತ್ತದೆ. ಕೂಗಲು ಮಾತ್ರ ಒಂದೇ ವಿಷಯಕ್ಕೆ ಬರುತ್ತದೆ. ಆ ಕಡೆ ಕಬ್ಬಿಣವೋ ಹಿತ್ತಾಳೆಯೋ ಇರಬೇಕು. ಉಳಿದದ್ದೆಲ್ಲ ನನ್ನೊಳಗೇ ಕುತೂಹಲವಾಗಿ ಉಳಿದುಬಿಡುತ್ತದೆ. ಈ ಮನುಷ್ಯನ ಜೇಬಿನಲ್ಲಿ ಏನಿದೆ ಎಂದು ಹೇಳಬಲ್ಲೆ. ಅವನು ಯಾಕೆ ಹಾಗೆ ಬೆವರುತ್ತಿದ್ದಾನೆ ಎಂದು ಹೇಳಲಾರೆ. ಹೇಳಲಾಗದ್ದನ್ನು ತಿಳಿದುಕೊಳ್ಳುವ ಆಸೆಯಲ್ಲೇ ನನ್ನ ಆಯುಷ್ಯ ಕಳೆಯಿತು.

ನಾನು ಹೋಗಿ ಸೇರಿದ್ದು ಉತ್ತರದ ಒಂದು ಊರಿನ ಹಳೆಯ ಜೈಲು. ಕರಿಕಲ್ಲಿನ ಗೋಡೆ, ಎರಡು ಬಾಗಿಲು. ಹೊರಬಾಗಿಲು ಮುಚ್ಚಿದ ಮೇಲೆಯೇ ಒಳಬಾಗಿಲು ತೆರೆಯಬೇಕು. ಆ ಎರಡು ಬಾಗಿಲುಗಳ ನಡುವಿನ ಕತ್ತಲೆಯ ಓಣಿಯೇ ನನ್ನ ಮನೆ. ನನ್ನನ್ನು ಮೊದಲು ಕೈಗೆತ್ತಿಕೊಂಡವರು ಹೆಡ್ ವಾರ್ಡರ್ ಇಮಾಮ್‌ಸಾಬ್ ನದಾಫ್. ನೆರೆತ ಮೀಸೆ, ಕುತ್ತಿಗೆಯ ಎಡಬದಿಗೆ ಒಂದು ಉದ್ದದ ಗಾಯದ ಗುರುತು. ಮೊದಲ ದಿನ ನಾನು ಹತ್ತು ಜನರ ಮೇಲೆ ಹತ್ತು ಸಲ ಕೂಗಿದೆ. ಬೆಲ್ಟು, ತಾಯಿತ, ಕಾಲುಂಗುರ, ಒಬ್ಬನ ಬಾಯೊಳಗಿನ ಸ್ಟೀಲಿನ ಹಲ್ಲು, ಯಾವುದನ್ನೂ ಬಿಡಲಿಲ್ಲ.

"ಎಂಥಾ ಚಾಡಿಕೋರ ಬಂದೈತಲೇ ಇದು! ಯಾರನ್ನೂ ಬಿಡಾಂಗಿಲ್ಲ" ಎಂದು ನದಾಫರು ನಕ್ಕರು. ಅಲ್ಲಿಂದ ಮುಂದೆ ಇಡೀ ಜೈಲಿಗೆ ನಾನು ಚಾಡಿಕೋರನಾದೆ.

ಬಂದಿಗಳನ್ನು ನೋಡಲು ಬಂದವರ ಮೇಲೆ ನನ್ನನ್ನು ಆಡಿಸುತ್ತಿದ್ದರು. ಕೆಲಸಕ್ಕೆ ಬರುವ ವಾರ್ಡರುಗಳಿಗೂ ವಿನಾಯಿತಿ ಇರಲಿಲ್ಲ. ಹೀಗೆ ನನಗೆ ಅವರೆಲ್ಲರ ಪರಿಚಯವಾಯಿತು. ಅವರಲ್ಲಿ ರೇವಣಪ್ಪ ಹುಣಸಿಕಟ್ಟಿ ಎಂಬುವನು ಎದ್ದು ಕಾಣುವ ಆಳು. ಮೂವತ್ತೆರಡು ವಯಸ್ಸು. ಜೈಲಿಗೆ ಸೇರುವ ಮೊದಲು ಕುಸ್ತಿ ಹಿಡಿಯುತ್ತಿದ್ದನಂತೆ. ಬಾಗಿಲಿಗೆ ಬಂದರೆ ತೋಳು ಎತ್ತಿ ನನ್ನ ಮುಂದೆ ಅಖಾಡದಲ್ಲಿ ನಿಂತಂತೆ ನಿಲ್ಲುತ್ತಿದ್ದ. ಎಲ್ಲರೂ ಅವನನ್ನು ಪೈಲ್ವಾನ ಎಂದೇ ಕರೆಯುತ್ತಿದ್ದರು. ಅವನ ಕುತ್ತಿಗೆಗೆ ಕಟ್ಟಿದ ಸೀಟಿಗೆ ನಾನು ದಿನವೂ ಕೂಗುತ್ತಿದ್ದೆ. ಆದರೆ ಆ ಸೀಟಿ ಊದಿದ್ದನ್ನು ಮಾತ್ರ ಒಂದು ದಿನವೂ ಕೇಳಿರಲಿಲ್ಲ.

"ಸೀಟಿ ಯಾಕ ಬೇಕ್ರಿ ಸರ, ಎರಡು ಕೈ ಅದಾವಲ್ಲ" ಎನ್ನುತ್ತಿದ್ದ.

ನದಾಫರು ನನ್ನನ್ನು ಅವನ ಬೆನ್ನಿಗೆ ಆಡಿಸಿ ಒಳಗೆ ಬಿಡುತ್ತಿದ್ದರು. ಆ ದಿನಗಳಲ್ಲಿ ನನಗೂ ಅದು ದೊಡ್ಡ ಮಾತು ಎನ್ನಿಸಿರಲಿಲ್ಲ.

ಒಂದು ಬೆಳಿಗ್ಗೆ, ಊಟ ಹಂಚುವ ಹೊತ್ತು. ಒಳಗಿನಿಂದ ಪಾತ್ರೆ ಬಿದ್ದ ಸದ್ದು ಬಂತು. ಆಮೇಲೆ ಗದ್ದಲ, ಆಮೇಲೆ ಸೀಟಿ. ಒಂದಲ್ಲ, ಮೂರು ನಾಲ್ಕು ಸೀಟಿಗಳು ಒಟ್ಟಿಗೆ. ನದಾಫರು ನನ್ನನ್ನು ಮೇಜಿನ ಮೇಲೆ ಎಸೆದು ಓಡಿದರು. ನಾನು ಮೇಜಿನಿಂದ ಜಾರಿ ನೆಲಕ್ಕೆ ಬಿದ್ದೆ. ನನ್ನ ಅಂಗಿಗೆ ಬಿರುಕು ಬಿಟ್ಟದ್ದು ಆಗಲೇ.

ನಡೆದದ್ದನ್ನು ನಾನು ಕಂಡಿಲ್ಲ, ಓಣಿಯಲ್ಲಿ ನಿಂತವರು ಹೇಳಿದ್ದನ್ನು ಕೇಳಿದ್ದೇನೆ. ಮೂರನೆಯ ಬ್ಯಾರಕ್ಕಿನ ಸಾಲಿನಲ್ಲಿ ಇಬ್ಬರು ಬಂದಿಗಳು ಜಗಳ ಹಿಡಿದಿದ್ದರು. ರೇವಣಪ್ಪ ಒಬ್ಬನೇ ಇದ್ದ. ಯಾರನ್ನೂ ಕರೆಯಲಿಲ್ಲ, ಸೀಟಿ ಊದಲಿಲ್ಲ, ನೇರ ನಡುವೆ ನುಗ್ಗಿದ. ಯಮನೂರ ಎಂಬ ಬಂದಿ ಸಾರಿನ ಹಂಡೆಯಲ್ಲಿದ್ದ ಕಬ್ಬಿಣದ ಸೌಟು ಕಿತ್ತುಕೊಂಡು ಬೀಸಿದ. ಎದುರಾಳಿಗೆಂದು ಬೀಸಿದನೋ, ರೇವಣಪ್ಪನಿಗೇ ಬೀಸಿದನೋ, ಅದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳಿದರು. ಎಡ ಮುಂಗೈ ಎರಡು ಕಡೆ ಮುರಿಯಿತು. ಅವನನ್ನು ನನ್ನ ಪಕ್ಕದಿಂದಲೇ ಹೊತ್ತುಕೊಂಡು ಹೋದರು. ಪೈಲ್ವಾನ ಅಳುತ್ತಿರಲಿಲ್ಲ. ಕಣ್ಣು ಅಗಲಿಸಿ ಛಾವಣಿ ನೋಡುತ್ತಿದ್ದ.

ಮೂರು ತಿಂಗಳ ನಂತರ ರೇವಣಪ್ಪ ಕೆಲಸಕ್ಕೆ ಮರಳಿದ. ಬಾಗಿಲಲ್ಲಿ ತೋಳು ಎತ್ತಿದ. ನಾನು ಅವನ ಎಡಗೈಯ ಹತ್ತಿರ ಹೋದದ್ದೇ ತಡ, ಗಂಟಲು ಹರಿಯುವಂತೆ ಕೂಗಿದೆ. ಕೈಯಲ್ಲಿ ಏನೂ ಇರಲಿಲ್ಲ. ತೋಳಿನ ಗುಂಡಿ ಬಿಚ್ಚಿದರೂ ಏನೂ ಇರಲಿಲ್ಲ. ನನಗೆ ದಿಕ್ಕೇ ತೋಚಲಿಲ್ಲ. ಆಗ ಅವನೇ ಹೇಳಿದ: "ಒಳಗ ಸ್ಟೀಲಿನ ಪಟ್ಟಿ ಹಾಕ್ಯಾರ್ರಿ ಸರ. ಆರು ಸ್ಕ್ರೂ."

ಮನುಷ್ಯನ ಎಲುಬಿಗೂ ಸ್ಕ್ರೂ ಹಾಕುತ್ತಾರೆ ಎಂದು ನನಗೆ ತಿಳಿದದ್ದು ಅಂದು.

ಕೈ ಪೂರ್ತಿ ಬಲವಾಗುವ ತನಕ ಬ್ಯಾರಕ್ ಬೇಡ, ಬಾಗಿಲಲ್ಲೇ ಇರಲಿ ಎಂದು ಜೈಲಿನ ದೊಡ್ಡ ಸಾಹೇಬರು ಆದೇಶ ಮಾಡಿದರು. ಹೀಗೆ ನಾನು ನದಾಫರ ಕೈಯಿಂದ ರೇವಣಪ್ಪನ ಕೈಗೆ ಬಂದೆ.

ಅವನ ಬಲಗೈ ಸರಿಯಾಗಿಯೇ ಇತ್ತು. ಆದರೂ ನನ್ನ ಹಿಡಿ ಅವನ ಬೆವರಿಗೆ ಜಾರುತ್ತಿತ್ತು. ಅಡುಗೆ ಮನೆಯಲ್ಲಿ ತಟ್ಟೆ ಬಿದ್ದರೆ ನನ್ನನ್ನು ಇಬ್ಬರು ಹಿಡಿದಂತೆ ಬಿಗಿಯಾಗಿ ಹಿಡಿಯುತ್ತಿದ್ದ. ಒಳಬಾಗಿಲು ತೆರೆದಾಗಲೆಲ್ಲ ಅವನ ಮುಖ ಬೇರೆ ಕಡೆ ತಿರುಗುತ್ತಿತ್ತು. ಬಂದವರ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದ. "ಏ, ಚಪ್ಪಲಿ ತೆಗಿ! ಇನ್ನೊಮ್ಮೆ ತಿರುಗು!" ನಾನು ಕೂಗದಿದ್ದರೂ ಎರಡು ಸಲ, ಮೂರು ಸಲ ಆಡಿಸುತ್ತಿದ್ದ. ಯಾರಾದರೂ "ಆರಾಮ ಅದೀರೇನ್ರಿ?" ಎಂದು ಕೇಳಿದರೆ, "ನನಗೇನಾಗೈತಿ?" ಎನ್ನುತ್ತಿದ್ದ.

ನನ್ನ ಕುತೂಹಲಕ್ಕೆ ಕೊನೆಯೇ ಇರಲಿಲ್ಲ. ಇವನೊಳಗೆ ಏನೋ ಇದೆ. ಆ ಆರು ಸ್ಕ್ರೂಗಳನ್ನು ಬಿಟ್ಟು ಬೇರೆ ಏನೋ. ಎದೆಯ ಮುಂದೆ ಎಷ್ಟು ಹೊತ್ತು ಸುಳಿದರೂ ನನಗೆ ಅದು ಸಿಗುತ್ತಿರಲಿಲ್ಲ.

ಅದನ್ನು ಹುಡುಕಿಕೊಟ್ಟವಳು ಅವನ ಹೆಂಡತಿ ಕಸ್ತೂರಿ. ವಾರ್ಡರುಗಳ ವಸತಿ ಜೈಲಿನ ಬೆನ್ನಿಗೇ ಇತ್ತು. ಒಂದು ಮಧ್ಯಾಹ್ನ ರೇವಣಪ್ಪ ಊಟಕ್ಕೆ ಹೋಗಿದ್ದಾಗ ಅವಳು ಬೇರೆ ದಾರಿಯಿಂದ ಬಾಗಿಲಿಗೆ ಬಂದು ನದಾಫರನ್ನು ಕರೆದಳು. ನಾನು ಕಿಟಕಿಯ ಕಟ್ಟೆಯ ಮೇಲಿದ್ದೆ.

"ಅಣ್ಣಾರ, ನಿಮಗ ಒಂದು ಮಾತು ಹೇಳಬೇಕ್ರಿ. ಅವ್ರಿಗೆ ನಾ ಬಂದಿದ್ದು ಗೊತ್ತಾಗಬಾರದು."

"ಹೇಳ್ರಿ ತಂಗಿ."

"ನಿನ್ನೆ ಮಗಳ ಕೈಯಾಗಿಂದ ತಾಟು ಬಿತ್ರಿ. ಅಷ್ಟಕ್ಕ ಆ ಕೂಸಿನ ರಟ್ಟಿ ಹಿಡದು ಹೊರಗ ದೂಡಿದ್ರು. ಆಮ್ಯಾಲ ತಾವ ಹಿತ್ತಲದಾಗ ಹೋಗಿ ಕುಂತ್ರು. ರೊಟ್ಟಿ ಬಡಿಯೋ ಸಪ್ಪಳಾನೂ ಆಗಿಬರವಲ್ದು. ಮೊದಲ ಹಿಂಗ ಇರಲಿಲ್ರಿ ಅವ್ರು."

ನದಾಫರು ತಮ್ಮ ಕುತ್ತಿಗೆಯ ಗುರುತನ್ನು ಒಮ್ಮೆ ಮುಟ್ಟಿಕೊಂಡರು. "ಛಲೋ ಮಾಡಿದ್ರಿ ಬಂದು. ಇನ್ನ ನನಗ ಬಿಡ್ರಿ" ಎಂದರು.

ಅಂದು ಸಂಜೆ ಪಾಳಿ ಮುಗಿದ ಮೇಲೆ ರೇವಣಪ್ಪ ನನ್ನನ್ನು ಮೇಜಿಗೆ ಒಪ್ಪಿಸಿ ಹೊರಟಿದ್ದ. ನದಾಫರು ಅವನನ್ನು ತಡೆದು, ಹೊರಬಾಗಿಲ ಪಕ್ಕದ ಕಲ್ಲುಬೆಂಚು ತೋರಿಸಿದರು.

"ಹತ್ತು ನಿಮಿಷ ಕುಂದ್ರು. ಮನಿಗೆ ಹೋಗೋಕಿಂತ ಮೊದ್ಲು ಇವತ್ತಿಂದು ಇಲ್ಲೇ ಹೇಳಿ ಹೋಗು."

"ಏನ್ ಹೇಳ್ಲಿ? ಏನೂ ಆಗಿಲ್ಲ."

"ಹಂಗಾದ್ರ ನಾ ಹೇಳ್ತೀನಿ." ನದಾಫರು ತಾವೂ ಕೂತರು. "ಈ ಕುತ್ತಿಗಿ ನೋಡೀಯಲ್ಲ, ಬ್ಲೇಡಿಂದು. ಕೆಲಸಕ್ಕ ಸೇರಿ ಎಂಟು ವರ್ಷ ಆಗಿತ್ತು. ಹೊಲಿಗಿ ಬಿಚ್ಚಿದ ಮರುದಿನಾನ ಡ್ಯೂಟಿಗೆ ಬಂದೆ. ನದಾಫ ಗಟ್ಟಿ ಅದಾನ ಅಂದ್ರು ಎಲ್ಲಾರೂ. ಎರಡು ವರ್ಷ ನಾ ನನ್ನ ಮಕ್ಕಳ ಜೋಡಿ ಕುಂತು ಉಣ್ಣಲಿಲ್ಲ. ಬೆನ್ನ ಹಿಂದ ಯಾರರ ಅಡ್ಡ್ಯಾಡಿದ್ರ ತುತ್ತು ಇಳೀತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದ್ರ ಗಟ್ಟಿ ಅನ್ನೂ ಹೆಸರು ಹೋಗ್ತಿತ್ತಲ್ಲ."

ರೇವಣಪ್ಪ ಬೂಟಿನ ತುದಿ ನೋಡುತ್ತಿದ್ದ.

"ಬುಧವಾರ ದೊಡ್ಡ ದವಾಖಾನಿಗೆ ಮನಸ್ಸಿನ ಡಾಕ್ಟರು ಬರ್ತಾರ. ಹೋಗು. ಸಾಹೇಬ್ರಿಗೆ ಹೇಳೀನಿ, ರಜಾ ಕೊಡ್ತಾರ."

"ನನಗ ಹುಚ್ಚು ಹಿಡದೈತೇನ್ರಿ ಸರ?"

"ಕೈಯಾಗ ಪಟ್ಟಿ ಹಾಕಿಸ್ಕೊಂಡಾಗ ನಾಚಿಕಿ ಬಂತೇನು? ಇದೂ ಹಂಗ."

ರೇವಣಪ್ಪ ಎದ್ದು ಹೋದ. ಒಂದು ಬುಧವಾರ ಹೋಗಲಿಲ್ಲ, ಎರಡನೆಯ ಬುಧವಾರವೂ ಹೋಗಲಿಲ್ಲ. ಬೆಂಚಿನ ಮೇಲೆ ಮಾತ್ರ ದಿನವೂ ಕೂರುತ್ತಿದ್ದ, ತುಟಿ ಬಿಚ್ಚದೆ.

ಹೀಗಿರುವಾಗ ಆ ಮುದುಕ ಬಂದ.

ಭೇಟಿಯ ದಿನ, ಸಾಲು ಉದ್ದವಿತ್ತು. ಮಣ್ಣುಬಣ್ಣಕ್ಕೆ ತಿರುಗಿದ ಧೋತರ, ತಲೆಗೆ ಟೊಪ್ಪಿಗೆ. ಹೆಸರು ದ್ಯಾಮಣ್ಣ. ಅವನು ಕೊಟ್ಟ ಚೀಟಿಯನ್ನು ರೇವಣಪ್ಪ ಓದಿದ. ಭೇಟಿ ಯಾರದು ಎಂಬಲ್ಲಿ ಬರೆದಿತ್ತು: ಯಮನೂರ, ಮೂರನೆಯ ಬ್ಯಾರಕ್. ಸಂಬಂಧ ಎಂಬಲ್ಲಿ: ತಂದೆ.

ನನ್ನ ಹಿಡಿ ಒಮ್ಮೆಲೇ ತಣ್ಣಗಾಯಿತು.

ರೇವಣಪ್ಪ ಮುದುಕನ ತೋಳು ಎತ್ತಿಸಿದ. ಬಲಗೈಯಲ್ಲಿ ನಾನು. ಎಡಗೈಯಿಂದ ಅಂಗಿಯ ಜೇಬು ಒತ್ತಿ ನೋಡಿದ. ನಾನು ಕೂಗಿದೆ. ಮುದುಕ ಸುಣ್ಣದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಮತ್ತೆ ಕೂಗಿದೆ. ಅವನು ಮನೆಯ ಕೀಲಿಕೈ ತೆಗೆದಿಟ್ಟ. ಮತ್ತೆ ಕೂಗಿದೆ. "ಉಡದಾರ ಇರಬೇಕ್ರಿ, ಬೆಳ್ಳೀದು" ಎಂದು ಮುದುಕ ಎಲ್ಲರೆದುರಿಗೂ ಧೋತರದ ಗಂಟಿಗೆ ಕೈ ಹಾಕಿದ. ಹಿಂದೆ ನಿಂತವರಲ್ಲಿ ಒಬ್ಬ ಕಿಸಕ್ಕೆಂದ. ಮುದುಕನ ಬೆರಳಿಗೆ ಗಂಟು ಬಿಚ್ಚಲು ಬರುತ್ತಿರಲಿಲ್ಲ.

ನಾನು ಯಾರ ಮೇಲೆ ಕೂಗುತ್ತಿದ್ದೇನೆ ಎಂದು ಆ ಓಣಿಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ನನಗೆ ಮತ್ತು ರೇವಣಪ್ಪನಿಗೆ. ಅವನು ಸುಮ್ಮನಿದ್ದರೆ ಸಾಕಿತ್ತು, ಧೋತರ ಬಿಚ್ಚಿ ಬೀಳುತ್ತಿತ್ತು. ನನಗೆ ಬಾಯಿದ್ದರೂ ಮಾತಿಲ್ಲ. ಅವನ ಉಸಿರು ನನಗೆ ತಾಗುತ್ತಿತ್ತು. ಒಂದು, ಎರಡು, ಮೂರು.

"ಬಿಡ್ರಿ ಕಾಕಾ" ಎಂದ ರೇವಣಪ್ಪ. "ಗಂಟು ಬಿಚ್ಚಬ್ಯಾಡ್ರಿ. ಅದು ನಿಮಗ ಒದರವಲ್ದು. ನನ್ನ ಕೈಯಾಗ ಸ್ಟೀಲ್ ಐತಿ, ಅದಕ್ಕ ಒದರಾಕತ್ತೈತಿ."

ಮುದುಕ ಕಣ್ಣು ಕಿರಿದು ಮಾಡಿ ಆ ಕೈ ನೋಡಿದ. "ಏನಾಗಿತ್ರಿ ಸಾಹೇಬ್ರ?"

ರೇವಣಪ್ಪ ಚೀಟಿ ಮರಳಿ ಕೊಟ್ಟ. "ಸೌಟು ಬಡೀತು."

ಮಗ ವಾರ್ಡರನೊಬ್ಬನ ಕೈ ಮುರಿದದ್ದನ್ನು ಮುದುಕನಿಗೆ ಯಾರೋ ಹೇಳಿರಬೇಕು. ಅವನ ಮುಖದ ಮೇಲಿನ ಗೆರೆಗಳೆಲ್ಲ ಒಂದು ಕಡೆ ಜಗ್ಗಿದಂತಾದವು. "ನನ್ನ ಮಗಾನ ಏನ್ರಿ..."

"ಭೇಟಿ ಹತ್ತು ನಿಮಿಷ ಐತಿ. ಹೊತ್ತು ಹೋಗ್ತೈತಿ, ನಡೀರಿ."

ಹತ್ತು ನಿಮಿಷದ ನಂತರ ಮುದುಕ ಹೊರಬಂದ. ಹೊರಗೆ ಹೋಗದೆ ನನ್ನ ಮೇಜಿನ ಮುಂದೆ ನಿಂತ.

"ಅವನ ಪರವಾಗಿ ನಾ ಏನೂ ಕೇಳಾಂಗಿಲ್ರಿ. ಕೇಸು ನಡೀಲಿ. ಆ ಕೈ ಒಮ್ಮೆ ನೋಡಬೇಕು ಅನಿಸ್ತು."

ರೇವಣಪ್ಪ ಬೈಯುತ್ತಾನೆ ಎಂದುಕೊಂಡೆ. ಅವನು ಗುಂಡಿ ಬಿಚ್ಚಿ ತೋಳು ಮೇಲಕ್ಕೆ ಸರಿಸಿದ. ಮಣಿಕಟ್ಟಿನಿಂದ ಮೊಣಕೈ ಹತ್ತಿರದ ತನಕ ಹೊಲಿಗೆಯ ಗುರುತು. ಮುದುಕ ಮುಟ್ಟಲಿಲ್ಲ. ಕೈ ಮುಗಿಯಲೂ ಇಲ್ಲ. ಹೊಲದಲ್ಲಿ ಬಿದ್ದ ಮರ ನೋಡುವವನ ಹಾಗೆ ಪೂರ್ತಿ ನೋಡಿದ. ಡಬ್ಬಿ, ಕೀಲಿಕೈ ತೆಗೆದುಕೊಂಡು ಹೊರಟುಹೋದ.

ಅಂದು ಸಂಜೆ ಬೆಂಚಿನ ಮೇಲೆ ರೇವಣಪ್ಪ ಮಾತಾಡಿದ. ಹತ್ತು ನಿಮಿಷವಲ್ಲ, ದೀಪ ಹಚ್ಚುವ ತನಕ.

"ಮೂರನೇ ಬ್ಯಾರಕ್ಕಿನ ಬಾಗಲಾ ಕಂಡ್ರ ಮಾರಿ ಹೊಳ್ಳಿಸ್ತೀನ್ರಿ ಸರ. ಇವತ್ತು ಆ ಮುದುಕನ್ನ ಬತ್ತಲೆ ಮಾಡಿಬಿಡೋನಿದ್ದೆ. ಮನಸ್ಸು ಬಂದಿತ್ತು. ಖರೇನ ಬಂದಿತ್ತು. ಅದು ಕಂಡು ನನಗ ನಾನ ಅಂಜಿದೆ."

"ಮಾಡಲಿಲ್ಲಲ್ಲ."

"ಇವತ್ತು ಮಾಡಲಿಲ್ಲ."

ಮರು ಬುಧವಾರ ಅವನು ದವಾಖಾನೆಗೆ ಹೋದ. ಅಲ್ಲಿ ಏನು ಹೇಳಿದರು, ಏನು ಕೊಟ್ಟರು, ನನಗೆ ತಿಳಿಯದು. ನನ್ನನ್ನು ಅಲ್ಲಿಗೆ ಒಯ್ಯಲಿಲ್ಲ. ಆದರೆ ಎಂಟು ಹತ್ತು ಬುಧವಾರ ಕಳೆಯುವಷ್ಟರಲ್ಲಿ ನನ್ನ ಹಿಡಿ ಒಣಗಿತ್ತು. ಚಪ್ಪಲಿ ತೆಗೆಯಿರಿ ಎನ್ನುವ ದನಿಯಲ್ಲಿ "ರಿ" ಮರಳಿತ್ತು. ತಟ್ಟೆ ಬಿದ್ದರೆ ಈಗಲೂ ಬೆಚ್ಚುತ್ತಿದ್ದ. ಬೆಚ್ಚಿದ ಮೇಲೆ, "ತಾಟು ಬಿತ್ತು" ಎಂದು ತನಗೇ ಹೇಳಿಕೊಳ್ಳುತ್ತಿದ್ದ, ಎಣಿಕೆ ಪುಸ್ತಕದಲ್ಲಿ ಬರೆಯುವವನಂತೆ. ಕಸ್ತೂರಿ ಒಂದು ದಿನ ಮಗಳನ್ನು ಕರೆದುಕೊಂಡು ಬಾಗಿಲವರೆಗೆ ಬಂದಿದ್ದಳು. ಆ ಕೂಸು ಅಪ್ಪನ ಬೆರಳು ಹಿಡಿದು ಜೋಲಾಡುತ್ತಿದ್ದುದನ್ನು ಕಂಡೆ.

ಆಮೇಲೆ ಅವನೇ ಕೇಳಿದ: "ಸರ, ನಾ ಒಳಗ ಹೋಗ್ತೀನಿ."

ನದಾಫರು ಒಡನೆ ಹೂಂ ಎನ್ನಲಿಲ್ಲ. "ಹೆಂಗ ಹೋಗ್ತಿ?"

"ಒಬ್ಬನ ಹೋಗಾಂಗಿಲ್ಲ."

"ಜಗಳಾ ಎದ್ರ?"

"ಬಾಗಲಾ ಬಿಡಾಂಗಿಲ್ಲ. ಸೀಟಿ ಊದ್ತೀನಿ. ಮಂದಿ ಬರೂ ತನಕ ಬಾಯಿಲೆ ಕೆಲಸ, ಕೈಲೆ ಅಲ್ಲ."

"ಹಿಂದ ಸರಿಯೂ ಪ್ರಸಂಗ ಬಂದ್ರ?"

ಕುಸ್ತಿಯವನಿಗೆ ಅದು ಕಷ್ಟದ ಪ್ರಶ್ನೆ. "ಸರೀತೀನ್ರಿ" ಎಂದ ಕೊನೆಗೆ.

ಮೂರನೆಯ ಬ್ಯಾರಕ್ಕಿನ ತಪಾಸಣೆಯ ದಿನ ನನ್ನನ್ನೂ ಒಯ್ದರು. ಅಷ್ಟು ವರ್ಷ ಬಾಗಿಲಲ್ಲೇ ಇದ್ದ ನಾನು ಒಳಗನ್ನು ನೋಡಿದ್ದು ಅದೇ ಮೊದಲು. ಹೆದರಿಕೆಗಿಂತ ಬೆರಗೇ ಹೆಚ್ಚಾಗಿತ್ತು. ಗೋಡೆಗೆ ಅಂಟಿಸಿದ ದೇವರ ಚಿತ್ರಗಳು, ದಾರಕ್ಕೆ ಹರವಿದ ಅಂಗಿಗಳು, ಸೋಪಿನ ವಾಸನೆ, ಮೂವತ್ತೆಂಟು ಗಂಡಸರು. ಅದರಲ್ಲಿ ಒಬ್ಬ ಯಮನೂರ. ನಾನು ರಾಕ್ಷಸನನ್ನು ಊಹಿಸಿಕೊಂಡಿದ್ದೆ. ಸಣಕಲು ಮನುಷ್ಯ, ಅಪ್ಪನದೇ ಕಿವಿಗಳು.

ರೇವಣಪ್ಪನ ಜೊತೆ ಇನ್ನಿಬ್ಬರು ವಾರ್ಡರುಗಳಿದ್ದರು. ಒಬ್ಬ ಬಾಗಿಲಲ್ಲೇ ನಿಂತ. ಹಾಸಿಗೆ, ಗಂಟುಗಳ ಮೇಲೆ ನನ್ನನ್ನು ಆಡಿಸುತ್ತ ಬಚ್ಚಲ ಮೂಲೆಗೆ ಬಂದರು. ಮೋರಿಯ ಕಲ್ಲಿನ ಮೇಲೆ ನಾನು ಕೂಗಿದೆ. ಕಲ್ಲು ಎತ್ತಿದರೆ ಬಟ್ಟೆಯಲ್ಲಿ ಸುತ್ತಿದ ಚಮಚದ ಹಿಡಿ. ತುದಿಯನ್ನು ನೆಲಕ್ಕೆ ತಿಕ್ಕಿ ತಿಕ್ಕಿ ಚೂರಿಯಂತೆ ಮಾಡಿದ್ದರು.

ಒಮ್ಮೆಲೇ ಎಂಟು ಹತ್ತು ಜನ ಎದ್ದು ನಿಂತರು. ಮುಂದೆ ಬಂದವನು ಯಮನೂರನಲ್ಲ, ದಪ್ಪ ಕುತ್ತಿಗೆಯ ಮತ್ತೊಬ್ಬ. "ಯಾರದೋ ತಂದು ನಮ್ಮ ತೆಲಿಗೆ ಕಟ್ತೀರೇನ್ರಲೇ!" ಎಂದು ಕೂಗುತ್ತ ಹತ್ತಿರ ಬಂದ. ಉಳಿದವರೂ ಅವನ ಹಿಂದೆ.

ನನ್ನ ಹಿಡಿ ಮತ್ತೆ ಒದ್ದೆಯಾಯಿತು. ರೇವಣಪ್ಪನ ತೋಳಿನ ನರಗಳು ಬಿಗಿದವು. ಮುಂದೆ ನುಗ್ಗುತ್ತಾನೆ ಎಂದುಕೊಂಡೆ. ಅವನು ಹಿಂದೆ ಸರಿದ. ಒಂದು ಹೆಜ್ಜೆ, ಎರಡು, ಮೂರು. ಜೊತೆಗಾರನ ಭುಜ ತಾಗುವ ತನಕ, ಬೆನ್ನಿಗೆ ಬಾಗಿಲ ಕಂಬ ಸಿಗುವ ತನಕ. ಸೀಟಿ ಬಾಯಿಗಿಟ್ಟು ಊದಿದ. ಅಷ್ಟು ವರ್ಷಗಳಲ್ಲಿ ಆ ಸೀಟಿಯ ದನಿ ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ಹೆಸರು ಹಿಡಿದು ಕರೆಯತೊಡಗಿದ, ದನಿ ಏರಿಸದೆ. "ಬಸವಂತ, ಕುಂದ್ರು. ರಫೀಕ, ನಾಳೆ ನಿನ್ನ ಕೋರ್ಟ್ ತಾರೀಖು ಐತಿ, ಇದರಾಗ ಬೀಳಬ್ಯಾಡ, ಕುಂದ್ರು. ಯಮನೂರ, ಕುಂದ್ರು."

ಮೊದಲು ಕೂತವನು ಯಮನೂರ. ಅವನನ್ನು ನೋಡಿ ರಫೀಕ ಕೂತ, ಮತ್ತಿಬ್ಬರು ಕೂತರು. ದಪ್ಪ ಕುತ್ತಿಗೆಯವನು ತಿರುಗಿ ನೋಡುವಷ್ಟರಲ್ಲಿ ಅವನ ಹಿಂದೆ ಯಾರೂ ನಿಂತಿರಲಿಲ್ಲ. ಅಷ್ಟು ಹೊತ್ತಿಗೆ ನದಾಫರ ಹಿಂದೆ ಹನ್ನೆರಡು ಜನ ವಾರ್ಡರುಗಳು ಬಂದಿದ್ದರು.

"ಪೈಲ್ವಾನ್ರು ಹಿಂದ ಸರಿದ್ರಲೋ!" ಎಂದು ಮೂಲೆಯಿಂದ ಯಾರೋ ಅಣಕಿಸಿದರು.

"ಸರದೆ" ಎಂದ ರೇವಣಪ್ಪ. "ಅದಕ್ಕ ಇವತ್ತು ಎಲ್ಲಾರೂ ಊಟಕ್ಕ ಕುಂದ್ರತೀರಿ. ದವಾಖಾನಿಗೆ ಯಾರೂ ಹೋಗಾಂಗಿಲ್ಲ."

ಯಮನೂರ ಯಾಕೆ ಮೊದಲು ಕೂತ? ಅಪ್ಪ ಏನಾದರೂ ಹೇಳಿದ್ದನೇ? ಅಥವಾ ಅವನಿಗೂ ಸಾಕಾಗಿತ್ತೇ? ನನಗೆ ಇವತ್ತಿಗೂ ಗೊತ್ತಿಲ್ಲ. ಮರುವರ್ಷ ಅವನಿಗೆ ಶಿಕ್ಷೆಯಾಗಿ ಬೇರೆ ಜೈಲಿಗೆ ಕಳಿಸಿದರು. ಹೋಗುವ ದಿನ ಬಾಗಿಲಲ್ಲಿ ಅವನ ಮೇಲೆ ನನ್ನನ್ನು ಆಡಿಸಿದರು. ಅವನಲ್ಲಿ ಲೋಹ ಏನೂ ಇರಲಿಲ್ಲ. ರೇವಣಪ್ಪ ಅವತ್ತು ಬೇರೆ ಪಾಳಿಯಲ್ಲಿದ್ದ.

ವರ್ಷಗಳು ಉರುಳಿದವು. ನದಾಫರು ನಿವೃತ್ತರಾದರು. ಅವರ ಜಾಗಕ್ಕೆ ರೇವಣಪ್ಪನೇ ಹೆಡ್ ವಾರ್ಡರ್ ಆದ. ಓಣಿಯಲ್ಲಿ ಮನುಷ್ಯರು ನಡೆದುಹೋಗುವಾಗಲೇ ಲೋಹ ಹಿಡಿಯುವ ಹೊಸ ಚೌಕಟ್ಟು ಬಂತು. ನನ್ನ ಬ್ಯಾಟರಿಯ ಮನೆಗೆ ತುಕ್ಕು ಹಿಡಿದು, ನಾನು ಬೇಕಾದಾಗ ಸುಮ್ಮನಿದ್ದು ಬೇಡವಾದಾಗ ಕೂಗತೊಡಗಿದೆ. ಒಂದು ದಿನ ನನ್ನನ್ನು ಉಗ್ರಾಣದ ಕಪಾಟಿನ ಕೆಳಖಾನೆಗೆ ಸೇರಿಸಿದರು. ಹರಿದ ಬೂಟುಗಳು, ಒಡೆದ ಲಾಠಿಗಳು, ಬಣ್ಣ ಮಾಸಿದ ಟೋಪಿಗಳು ನನ್ನ ನೆರೆಹೊರೆ. ಗುಜರಿಗೆ ಹೋಗುವ ತನಕ ಇಲ್ಲೇ ನಮ್ಮ ಬಿಡಾರ.

ಇಲ್ಲಿ ಬೇಸರವಿಲ್ಲ. ಯೋಚಿಸಲು ಹೊತ್ತು ಸಿಗುತ್ತದೆ. ಆ ಓಣಿಯಲ್ಲಿ ಸಾವಿರಾರು ಮೈಗಳ ಮೇಲೆ ಸುಳಿದಿದ್ದೇನೆ. ಬ್ಲೇಡು ಹಿಡಿದೆ, ಮೊಳೆ ಹಿಡಿದೆ. ಆ ಕೆಲಸಕ್ಕೆ ನನ್ನಂಥವರು ಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ವಾರ್ಡರನ್ನು ಒಳಗಿನಿಂದ ಕೊಯ್ಯುವುದನ್ನು ಹುಡುಕಲು ನನಗೆ ಆಗಲಿಲ್ಲ. ಅದನ್ನು ಒಬ್ಬ ಮನುಷ್ಯನೇ ಇನ್ನೊಬ್ಬನಲ್ಲಿ ಹುಡುಕಬೇಕು. ಹುಡುಕಿಸಿಕೊಳ್ಳುವವನು ತೋಳು ಎತ್ತಬೇಕು.

ಕಳೆದ ವಾರ ಉಗ್ರಾಣದ ಬಾಗಿಲು ತೆರೆಯಿತು. ಹೊಸದಾಗಿ ಸೇರಿದ ಒಬ್ಬ ವಾರ್ಡರ್ ಬೂಟು ತೆಗೆದುಕೊಳ್ಳಲು ಬಂದಿದ್ದ. ಸೋಮಲಿಂಗ ಎಂದು ಹೆಸರು. ನಲವತ್ತು ದಾಟಿದವನು. ಸೈನ್ಯದಲ್ಲಿ ಹದಿನೇಳು ವರ್ಷ ಇದ್ದು ಬಂದವನಂತೆ. ಸಮವಸ್ತ್ರ ಮೈಗೆ ಅಂಟಿದಂತೆ ಕೂತಿತ್ತು. ಜೊತೆಗೆ ರೇವಣಪ್ಪ ಇದ್ದ, ಮೀಸೆ ಅರ್ಧ ಬೆಳ್ಳಗಾಗಿ.

ಬೂಟಿನ ಅಳತೆ ನೋಡುತ್ತ ಸೋಮಲಿಂಗ ತಲೆ ತಗ್ಗಿಸಿಯೇ ಹೇಳಿದ: "ಸರ, ಯಾರಿಗೂ ಹೇಳಬ್ಯಾಡ್ರಿ. ಗಡಿಯಾಗ ಇಷ್ಟು ವರ್ಷ ಇದ್ದೆ, ಹಿಂಗ ಆಗಿದ್ದಿಲ್ಲ. ಬ್ಯಾರಕ್ಕಿನ ಬಾಗಲಾ ತೆಗೆಯೋ ಮುಂದ ಅಂಜಿಕಿ ಬರ್ತೈತ್ರಿ."

ರೇವಣಪ್ಪ ನಗಲಿಲ್ಲ. ಸೋಮಲಿಂಗನ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕೂತು, ಬೂಟಿನ ತುದಿಯನ್ನು ಹೆಬ್ಬೆರಳಿಂದ ಒತ್ತಿ ನೋಡಿದ. ಸ್ವಲ್ಪ ಬಿಗಿಯಾಗಿತ್ತು. ಎದ್ದು ಮತ್ತೊಂದು ಜೋಡಿ ತಂದು ಮುಂದಿಟ್ಟ.

"ಬರಲಿ" ಎಂದ. "ಯಾವತ್ತು ಅಂಜಿಕಿ ಬರಾಂಗಿಲ್ಲೋ, ಅವತ್ತು ಒಳಗ ಹೋಗಬ್ಯಾಡ. ನನ್ನ ಹತ್ರ ಬಾ."